ನೆತ್ತರುಗೊಡಗೆ ಯಾರಿಗೆ?

ಶಾಸನಗಳ ಪಾಠ ಹೇಳುವಾಗ ‘ನೆತ್ತರುಗೊಡಗೆ’ ಎಂಬ ಮಾತು ಬಂದರೆ ನಾನು ತುಸು ಹೊತ್ತು ಅಲ್ಲೇ ನಿಲ್ಲುವುದುಂಟು. ಕಾದಿ ಮಡಿದವನ ಮನೆಯವರಿಗೆ ಬಿಟ್ಟುಕೊಡುತ್ತಿದ್ದ ಭೂಮಿಗೆ ಆ ಹೆಸರು. ಅದು ಭಿಕ್ಷೆಯಲ್ಲ, ಚೆಲ್ಲಿದ ನೆತ್ತರಿಗೆ ಸಲ್ಲಬೇಕಾದ ಋಣ.

ಇಂದು ಚಂದ್ರಂಪಳ್ಳಿಯ ಸುತ್ತಿನ ಈ ಸೀಮೆಯಲ್ಲಿ ಕಾಳಗಗಳಿಲ್ಲ. ಆದರೆ ಶಹಾಬಾದಿನ ಕಲ್ಲುಗಣಿಗಳಿವೆ. ವಾಡಿ, ಸೇಡಂಗಳಲ್ಲಿ ಸಿಮೆಂಟಿನ ಕಾರ್ಖಾನೆಗಳಿವೆ. ದುಡಿಯುತ್ತಲೇ ಪ್ರಾಣ ಬಿಟ್ಟವನ ಆಶ್ರಿತರಿಗೆ ಪರಿಹಾರ ಸಲ್ಲಬೇಕೆಂದು 1923ರಲ್ಲಿಯೇ ಕಾಯಿದೆಯಾಯಿತು. ಅದರ ಸ್ಥಾನಕ್ಕೆ ಬಂದಿರುವುದು 2020ರ ಸಾಮಾಜಿಕ ಭದ್ರತಾ ಸಂಹಿತೆ. 2025ರ ನವೆಂಬರ್ 21ರಿಂದ ಅದು ಜಾರಿಯಲ್ಲಿದೆ. ತಿಂಗಳ ಸಂಬಳದ ಅರ್ಧವನ್ನು ಸತ್ತವನ ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಿ ಪರಿಹಾರವನ್ನು ಗೊತ್ತುಮಾಡುತ್ತಾರೆ. ಈ ಲೆಕ್ಕ ಸುಲಭ. ತೊಡಕಿರುವುದು ‘ಯಾರಿಗೆ’ ಎಂಬಲ್ಲಿ.

ಗಣಿಯಲ್ಲಿ ದುಡಿಯುವವನೊಬ್ಬ, ಅವನೊಡನೆ ಇಪ್ಪತ್ತು ವರ್ಷ ಒಂದೇ ಒಲೆಯ ರೊಟ್ಟಿ ತಿಂದ ಬಾಳಸಂಗಾತಿಯೊಬ್ಬ; ಇಬ್ಬರೂ ಗಂಡಸರೆಂದುಕೊಳ್ಳಿ. ಇಬ್ಬರೂ ಹೆಂಗಸರಾದರೂ ಮಾತು ಅದೇ. ಇಂಥವರ ಬಾಳುವೆ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಸಾರಿತು. ಆದರೆ ಮದುವೆಯ ಹಕ್ಕನ್ನು 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಅದು ಮಾನ್ಯಮಾಡಲಿಲ್ಲ. ಇವರಿಗೆ ಸಲ್ಲಬೇಕಾದ ಸೌಲಭ್ಯಗಳ ವಿಚಾರವನ್ನು ಸರ್ಕಾರದ ಸಮಿತಿಯೊಂದಕ್ಕೆ ಬಿಟ್ಟಿತು. 2024ರಲ್ಲಿ ಕೇಂದ್ರ ಸರ್ಕಾರ ಎರಡು ಸೂಚನೆಗಳನ್ನು ಹೊರಡಿಸಿತು: ಇಂಥ ಸಂಗಾತಿಗಳು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅಡ್ಡಿಯಿಲ್ಲ, ಪಡಿತರ ಚೀಟಿಗೆ ಅವರನ್ನು ಒಂದೇ ಮನೆಯವರೆಂದು ಎಣಿಸತಕ್ಕದ್ದು.

ಆದರೆ ಅವರಲ್ಲೊಬ್ಬ ಕೆಲಸದಲ್ಲಿ ಸತ್ತನೆನ್ನಿ. ಸಂಹಿತೆಯ ಆಶ್ರಿತರ ಪಟ್ಟಿಯಲ್ಲಿ ವಿಧವೆಯಿದ್ದಾಳೆ, ಮಕ್ಕಳಿದ್ದಾರೆ, ತಂದೆತಾಯಿಗಳಿದ್ದಾರೆ. ಈ ಸಂಗಾತಿಗೆ ಮಾತ್ರ ಎಡೆಯಿಲ್ಲ. ಗ್ರ್ಯಾಚುಯಿಟಿಯ ಕಥೆಯೂ ಹೀಗೆಯೇ: ಕಾಯಿದೆ ಹೇಳುವ ‘ಕುಟುಂಬ’ದಲ್ಲಿ ಯಾರಾದರೂ ಇದ್ದರೆ, ಹೊರಗಿನವರ ಹೆಸರು ಬರೆದುಕೊಟ್ಟರೂ ಅದು ಸಿಂಧುವಾಗದು. ಅಕ್ಕಿ ಪಡೆಯುವಾಗ ಒಂದೇ ಮನೆಯವರಾದವರು ಹೆಣ ಎತ್ತುವಾಗ ಪರಕೀಯರಾಗುವುದು ಯಾವ ನ್ಯಾಯ?

ಸಮಾಜ ಒಪ್ಪದ ಬಾಳುವೆಗೆ ಕಾಯಿದೆ ಮುದ್ರೆಯೊತ್ತಬೇಕೆ ಎಂದು ಕೇಳುವ ಸಜ್ಜನರಿದ್ದಾರೆ. ಅವರು ಆ ಹಳೆಯ ಕಾಯಿದೆಯನ್ನೊಮ್ಮೆ ನೋಡಲಿ. ತಿದ್ದುಪಡಿಗಳಿಂದ ಬೆಳೆದ ಅದರ ಪಟ್ಟಿಯಲ್ಲಿ ಮದುವೆಯ ಹೊರಗೆ ಹುಟ್ಟಿದ ಮಕ್ಕಳೂ ಇದ್ದರು. ಅವರ ಹುಟ್ಟನ್ನು ಸಮಾಜ ಮೆಚ್ಚಿತೆಂದಲ್ಲ. ಸತ್ತವನ ದುಡಿಮೆಯೇ ಅವರ ಅನ್ನವಾಗಿತ್ತೆಂದು. ಹಸಿವನ್ನು ಅಳೆಯಲು ಹೊರಟ ಕಾಯಿದೆ ಕುಲಶೀಲಗಳ ಪರೀಕ್ಷೆಗೆ ಕೂರಲಿಲ್ಲ. ಪರಿಹಾರ ಕೊಡುವುದೆಂದರೆ ಆಶೀರ್ವಾದ ಮಾಡುವುದಲ್ಲ, ಬಾಕಿ ತೀರಿಸುವುದು. ಬಾಕಿ ತೀರಿಸುವವನು ಪಡೆಯುವವನ ನಡತೆಯನ್ನು ವಿಚಾರಿಸುವಂತಿಲ್ಲ.

ಹಾಗಾದರೆ ಊರಿನಲ್ಲಿರುವ ಮುದಿ ತಾಯಿಯ ಗತಿಯೇನು? ಈ ಪ್ರಶ್ನೆ ನನ್ನನ್ನೂ ಕಾಡಿದೆ, ಮತ್ತು ಅದು ಹಗುರವಾದುದಲ್ಲ. ಮಗನನ್ನು ಕಳೆದುಕೊಂಡವಳ ಪಾಲನ್ನು ಯಾರೂ ಕಸಿಯಬಾರದು. ಆದರೆ ಆಶ್ರಿತರು ಹಲವರಿದ್ದಾಗ ಪರಿಹಾರವನ್ನು ಅವರಲ್ಲಿ ಹಂಚಿಕೊಡುವ ಅಧಿಕಾರವನ್ನು ಕಾಯಿದೆಯೇ ಅಧಿಕಾರಿಗೆ ಕೊಟ್ಟಿದೆ. ವಿಧವೆಯೂ ಅತ್ತೆಯೂ ಹೀಗೆ ಹಂಚಿಕೊಳ್ಳುವಾಗ ಕೆಡದ ಧರ್ಮ, ಸಂಗಾತಿಯೂ ತಾಯಿಯೂ ಹಂಚಿಕೊಂಡರೆ ಕೆಟ್ಟೀತೇಕೆ? ಸುಳ್ಳು ಹಕ್ಕುದಾರರು ಹುಟ್ಟಿಕೊಂಡಾರೆಂಬ ಅಂಜಿಕೆಗೂ ಉತ್ತರವಿದೆ: ದುಡಿಯುವವನು ಬದುಕಿದ್ದಾಗಲೇ ಸಾಕ್ಷಿಗಳ ಮುಂದೆ ಸಂಗಾತಿಯ ಹೆಸರನ್ನು ಬರೆದುಕೊಡಲಿ, ಒಂದೇ ಪಡಿತರ ಚೀಟಿ, ಒಂದೇ ಖಾತೆ ಅದಕ್ಕೆ ಪುರಾವೆಯಾಗಲಿ.

ಇಷ್ಟಕ್ಕೆ ಬೇಕಾದುದು ಪಟ್ಟಿಯಲ್ಲಿ ಇನ್ನೊಂದು ಸಾಲು. ಮದುವೆಯನ್ನು ಕುರಿತ ವಾದ ಇನ್ನೆಷ್ಟು ಕಾಲ ನಡೆಯುವುದೋ ನಾನರಿಯೆ. ಅದು ಮುಗಿಯುವ ತನಕ ಕಲ್ಲುಗಣಿಯ ಸಾವು ಕಾಯುವುದಿಲ್ಲ. ಉಳಿದವನ ಮನೆಯ ಬಾಡಿಗೆಯೂ ಕಾಯುವುದಿಲ್ಲ.