ಬಿಸಿಯಾಗುವ ಮೊದಲು ಮುಟ್ಟಿ ನೋಡಿ

1 ಅರಸುಗಳು 19ನೇ ಅಧ್ಯಾಯ ತೆಗೆದು ಇಟ್ಟುಕೊಳ್ಳಿ. ಅದಕ್ಕೆ ಹೋಗುವ ಮೊದಲು ಒಂದು ಚಕ್ರದ ವಿಷಯ ಮಾತಾಡೋಣ.

ಅಮೆರಿಕದಲ್ಲಿ ಕಾರಿನ ಹಿಂದೆ ಕಟ್ಟಿ ಎಳೆಯುವ ಪುಟ್ಟ ಮನೆ ಇರುತ್ತೆ, ಟ್ರಾವೆಲ್ ಟ್ರೇಲರ್. ಯೂಟ್ಯೂಬ್‌ನಲ್ಲಿ ನೋಡಿರ್ತೀರಿ. ಹಾಸಿಗೆ, ಅಡುಗೆಮನೆ, ಎಲ್ಲಾ ಒಳಗೇ. ಆ ಭಾರವನ್ನೆಲ್ಲಾ ಹೊರುವುದು ಚಕ್ರದ ಹಬ್ ಒಳಗೆ ಅಡಗಿರುವ ಬೇರಿಂಗ್. ಸಾಮಾನ್ಯವಾಗಿ ಅದು ಟೇಪರ್ ರೋಲರ್ ಬೇರಿಂಗ್. ಹೆನ್ರಿ ಟಿಮ್ಕೆನ್ ಎಂಬ ಸಾರೋಟು ತಯಾರಕರು 1898ರಲ್ಲಿ ಪೇಟೆಂಟ್ ಪಡೆದದ್ದು. ಗ್ರೀಸ್ ಚೆನ್ನಾಗಿದ್ದರೆ ಸಾವಿರಾರು ಮೈಲಿ ಓಡುತ್ತೆ. ಗ್ರೀಸ್ ಕೆಟ್ಟರೆ, ನೀರು ಸೇರಿದರೆ, ಬಿಸಿಯಾಗಿ ಜಾಮ್ ಆಗುತ್ತೆ. ಹೈವೇಯಲ್ಲೇ ಚಕ್ರ ಕಳಚಿ ಹೋಗಬಹುದು!

ತೊಂದರೆ ಏನಂದ್ರೆ, ಡ್ರೈವರ್ ಕೂತಿರೋದು ಮುಂದಿನ ಗಾಡಿಯಲ್ಲಿ. ಹಿಂದಿನ ಚಕ್ರದ ಸದ್ದು ಅವನಿಗೆ ಕೇಳಿಸೋದೇ ಕಷ್ಟ. ಅದಕ್ಕೇ ತಿಳಿದವರು ದಾರಿಯಲ್ಲಿ ನಿಲ್ಲಿಸಿದಾಗೆಲ್ಲಾ ಇಳಿದು, ಒಂದೊಂದು ಹಬ್‌ನ ಹತ್ತಿರವೂ ಕೈ ತಂದು ನೋಡ್ತಾರೆ. ಬೆಚ್ಚಗಿದ್ದರೆ ಸರಿ. ಒಂದು ಮಾತ್ರ ಉಳಿದವಕ್ಕಿಂತ ಸುಡ್ತಿದ್ದರೆ ಮುಂದೆ ಹೋಗಲ್ಲ. ವರ್ಷಕ್ಕೊಮ್ಮೆ, ಇಲ್ಲಾಂದ್ರೆ 12,000 ಮೈಲಿಗೊಮ್ಮೆ, ಯಾವುದು ಮೊದಲೋ ಆಗ ಬಿಚ್ಚುವುದು ವಾಡಿಕೆ. ಹಳೇ ಗ್ರೀಸ್ ಪೂರ್ತಿ ತೊಳೆದು, ರೋಲರ್‌ನಲ್ಲಿ ಗುಳಿ ಬಿದ್ದಿದೆಯಾ, ಶಾಖಕ್ಕೆ ನೀಲಿ ತಿರುಗಿದೆಯಾ ನೋಡಿ, ಹೊಸ ಗ್ರೀಸ್ ಸಂದುಸಂದಿಗೂ ತುಂಬಿ, ಹೊಸ ಸೀಲ್ ಕೂರಿಸ್ತಾರೆ. ವರ್ಷವಿಡೀ ನಿಂತಿದ್ದ ಗಾಡಿಗೂ ಇದು ಬೇಕು; ನಿಂತಲ್ಲೇ ತೇವ ಸೇರಿ ತುಕ್ಕು ಹಿಡಿಯುತ್ತೆ. ಸದ್ದು ಬರಲಿ ಅಂತ ಯಾರೂ ಕಾಯಲ್ಲ.

ಈಗ ಎಲೀಯನನ್ನು ನೋಡಿ. 18ನೇ ಅಧ್ಯಾಯದಲ್ಲಿ ಕರ್ಮೆಲ್ ಬೆಟ್ಟದ ಮೇಲೆ ಅವನ ಪ್ರಾರ್ಥನೆಗೆ ಬೆಂಕಿ ಇಳಿಯಿತು. ಹಲ್ಲೆಲೂಯಾ! ಮುಂದಿನ ಅಧ್ಯಾಯದಲ್ಲೇ ಅಡವಿಯ ಗಿಡದ ಕೆಳಗೆ ಕೂತು ಸಾವನ್ನು ಕೇಳ್ತಾನೆ. ದೇವರು ಬೈದರಾ? ಇಲ್ಲ. ದೂತನು ಬಂದು ಅವನನ್ನು ಮುಟ್ಟಿದನು. ರೊಟ್ಟಿ, ನೀರು ಇತ್ತು. ತಿಂದು ಮತ್ತೆ ಮಲಗಿದ. ದೂತನು ಎರಡನೇ ಸಲವೂ ಬಂದು ಮುಟ್ಟಿದನು. ಉಪದೇಶಕ್ಕಿಂತ ಮೊದಲು ಊಟ ಮತ್ತು ನಿದ್ದೆ!

ಪ್ರಿಯರೇ, ನಮ್ಮ ಮಧ್ಯೆಯೂ ಎಲೀಯರಿದ್ದಾರೆ. ಭಾನುವಾರ ವರ್ಷಿಪ್ ನಡೆಸ್ತಾರೆ, ಸೋಮವಾರ ನೈಟ್ ಶಿಫ್ಟ್ ಮಾಡ್ತಾರೆ, ಪಿಜಿ ರೂಮಲ್ಲಿ ಒಬ್ಬರೇ ಅಳ್ತಾರೆ. ಕೇಳಿದರೆ "ಚೆನ್ನಾಗಿದ್ದೀನಿ ಬ್ರದರ್" ಅಂತಾರೆ. ಸ್ಟೇಜ್ ಮೇಲೆ ಅಭಿಷೇಕ ಕಾಣಿಸುತ್ತೆ, ಒಳಗಿನ ಬಿಸಿ ಕಾಣಿಸಲ್ಲ. ಮುರಿದ ಸದ್ದು ಬರುವವರೆಗೆ ಕಾಯಬೇಡಿ. ಈ ವಾರ ಒಬ್ಬರ ಪಕ್ಕ ಕೂತು ಕೇಳಿ: ನಿದ್ದೆ ಬರ್ತಿದೆಯಾ? ಊಟ ಸರಿಯಾಗಿ ಮಾಡ್ತಿದ್ದೀಯಾ? ಪ್ರಾರ್ಥನೆ ಮಾಡೋಕಾಗ್ತಿದೆಯಾ? "ಸಾಯಬೇಕು ಅನಿಸ್ತಿದೆ" ಅಂದರೆ ಒಬ್ಬರನ್ನೇ ಬಿಡಬೇಡಿ, ಡಾಕ್ಟರ ಹತ್ತಿರ ಜೊತೆಗೇ ಹೋಗಿ. ಅದು ಅವಿಶ್ವಾಸವಲ್ಲ. ಎಲೀಯನಿಗೆ ಸಿಕ್ಕಿದ ರೊಟ್ಟಿಯೂ ದೇವರದೇ ಅಲ್ವಾ?

ನಿಮ್ಮನ್ನೇ ಯಾರಾದರೂ ಕೇಳಿದರೆ, ನಿಜ ಹೇಳಿ.

ಕಣ್ಣು ಮುಚ್ಚೋಣ. ಕರ್ತನೇ, ದಣಿದವರನ್ನು ಇಂದು ಮುಟ್ಟು. ನಮ್ಮ ಕೈಗಳನ್ನೂ ಅದಕ್ಕೆ ಉಪಯೋಗಿಸು. ಯೇಸುವಿನ ನಾಮದಲ್ಲಿ, ಆಮೆನ್.