ಅವ್ವ ಹೊತ್ತ ಹರಕೆ

ನಮ್ಮಂಥವರಿಗೆ ಮಾರ್ಚ್ ಅಂದ್ರೆ ವಸಂತ ಅಲ್ಲ, ಕ್ವಾರ್ಟರ್ ಎಂಡ್. ಹೊಂಗೆ ಚಿಗುರಿದ್ದು, ಬೇವು ಹೂ ಬಿಟ್ಟಿದ್ದು ಗೊತ್ತಾಗೋದು ಬೆಳಿಗ್ಗೆ ಕಾರಿನ ಗಾಜು ಒರೆಸುವಾಗ. 2025ರಲ್ಲಂತೂ ಯುಗಾದಿ ಮಾರ್ಚ್ 30ರ ಭಾನುವಾರ ಬಂತು. ಮಾರನೇ ದಿನ ಹೊಸತೊಡಕು, ರಂಜಾನ್, ನಮ್ಮ ಟೀಮಿನ ರಿಲೀಸು ಮೂರೂ ಒಟ್ಟಿಗೆ. ಹೆಂಡತಿಗೆ ಬ್ಯಾಂಕಿನಲ್ಲಿ ವರ್ಷಾಂತ್ಯ. ಊರಲ್ಲಿ ಅಕ್ಕನ ಮಗನಿಗೆ ಎಸ್ಸೆಸ್ಸೆಲ್ಸಿ. ಇಷ್ಟರ ಮಧ್ಯೆ ಅವ್ವ ಫೋನ್ ಮಾಡಿದಳು.

"ಈ ಸಲ ಯುಗಾದಿ ಜಾತ್ರೆಗೆ ಮಾದಪ್ಪನ ಬೆಟ್ಟಕ್ಕೋಗಿ ಮಗೀನ ಮುಡಿ ಕೊಟ್ಬುಡಣ ಕಣಪ್ಪ. ಎಂಟ್ ವರ್ಸ ಆಯ್ತಾ ಬತ್ತು."

"ರಿಲೀಸ್ ಇದೆ ಅವ್ವ, ಆಗಲ್ಲ" ಅಂದೆ. ಅದು ಸುಳ್ಳಲ್ಲ. ಆದರೆ ನಿಜವಾದ ಕಾರಣವೂ ಅಲ್ಲ. ನಿಜವಾದ ಕಾರಣ ಪಕ್ಕದ ರೂಮಿನಲ್ಲಿ ಎರಡು ಜಡೆ ಹಾಕಿಕೊಂಡು ಕೂತಿತ್ತು. ಹಿಂದಿನ ವರ್ಷ ಯಾರದೋ ಮಗು ತಿರುಪತಿಗೆ ಹೋಗಿ ಬಂದಿದ್ದನ್ನು ನೋಡಿದ ಮೇಲೆ ಅವಳು ಮನೆಯಲ್ಲಿ ಪ್ರಕಟಣೆ ಹೊರಡಿಸಿದ್ದಳು: "ನಾನು ಮಾತ್ರ ಗುಂಡು ಹೊಡೆಸ್ಕೊಳ್ಳಲ್ಲ. ಯಾರು ಹೇಳಿದ್ರೂ."

ಕತೆ ಏನಂದ್ರೆ, ಮಗಳು ಹುಟ್ಟಿದ್ದು 30ನೇ ವಾರಕ್ಕೇ. ತೂಕ ಒಂದು ಕೆಜಿ ಇನ್ನೂರು ಗ್ರಾಂ. ಮೂವತ್ತನಾಲ್ಕು ದಿನ ಎನ್‌ಐಸಿಯುನಲ್ಲಿ ಇದ್ದಳು. ಒಂಬತ್ತನೇ ದಿನ ರಕ್ತದಲ್ಲಿ ಸೋಂಕು ಕಾಣಿಸಿಕೊಂಡಿದೆ, ನಲವತ್ತೆಂಟು ಗಂಟೆ ಏನೂ ಹೇಳೋಕಾಗಲ್ಲ ಅಂದರು. ನಾನು ಫಾರಂ ತುಂಬೋದು, ದುಡ್ಡು ಕಟ್ಟೋದು, ಬ್ಲಡ್ ಬ್ಯಾಂಕಿಗೆ ಓಡೋದು ಮಾಡ್ತಿದ್ದೆ. ಕೈಕಾಲಿಗೆ ಕೆಲಸ ಇದ್ದರೆ ತಲೆ ಸುಮ್ಮನಿರುತ್ತೆ. ಅವ್ವನಿಗೆ ಅಲ್ಲಿ ಮಾಡುವ ಕೆಲಸ ಯಾವುದೂ ಇರಲಿಲ್ಲ. ಫಾರಂ ಓದಲು ಬರಲ್ಲ, ಒಳಗೆ ಬಿಡಲ್ಲ. ಕಾರಿಡಾರಿನ ಸ್ಟೀಲ್ ಕುರ್ಚಿ ಮೇಲೆ ಕೂತು ಸೆರಗಿನ ತುದಿಗೆ ಒಂದು ರೂಪಾಯಿ ನಾಣ್ಯ ಗಂಟು ಹಾಕಿಕೊಂಡಳು. ಮಗು ಬದುಕಿದರೆ ನಿನ್ನ ಬೆಟ್ಟಕ್ಕೆ ಕರ್ಕೊಂಡು ಬಂದು ಮುಡಿ ಕೊಡಿಸ್ತೀನಿ ಮಾದಪ್ಪ ಅಂತ. ಊರಿಗೆ ಹೋದ ಮೇಲೆ ಅದೇ ನಾಣ್ಯವನ್ನು ಅರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿ ದೇವರ ಮನೆಯ ಗೂಡಿನಲ್ಲಿ ಇಟ್ಟಳು.

ಆಮೇಲೆ ತಡ ಆಗ್ತಾ ಹೋಯಿತು. ಮೊದಲ ಎರಡು ವರ್ಷ ಸೋಂಕಿನ ಭಯ, ಜಾತ್ರೆ ಜನಕ್ಕೆ ಮಗುವನ್ನು ಬಿಡೋಕೆ ಧೈರ್ಯ ಬರಲಿಲ್ಲ. ಮುಂದಿನ ಎರಡು ವರ್ಷ ಕೋವಿಡ್. ಆಮೇಲೆ ಸ್ಕೂಲು. ಒಂದು ವರ್ಷದ ಮಗುವಿನ ಮುಡಿ ತೆಗೆಸಿದ್ದರೆ ಯಾರಿಗೂ ಪ್ರಶ್ನೆಯೇ ಇರ್ತಿರಲಿಲ್ಲ. ಅಳ್ತಿತ್ತು, ತಲೆಗೆ ಗಂಧ ಹಚ್ಚಿದ ಮೇಲೆ ಸುಮ್ಮನಾಗ್ತಿತ್ತು, ಆಲ್ಬಮ್ಮಿಗೆ ಒಂದು ಫೋಟೋ ಸಿಗ್ತಿತ್ತು. ನಾವು ತಡ ಮಾಡಿದ ಹೊತ್ತಿನಲ್ಲಿ ಆ ಕೂದಲಿಗೆ ಒಬ್ಬಳು ಒಡತಿ ಹುಟ್ಟಿಕೊಂಡಳು.

ನನಗೆ ನಂಬಿಕೆ ಎಷ್ಟಿದೆ ಅಂತ ಕೇಳಿದರೆ ಸರಿಯಾಗಿ ಹೇಳಲಾರೆ. ಹಬ್ಬಕ್ಕೆ ಹೋಗ್ತೀನಿ, ಕೈ ಮುಗೀತೀನಿ, ಸೋಂಕು ಇಳಿದದ್ದು ಆಂಟಿಬಯೋಟಿಕ್ಕಿನಿಂದ ಅಂತ ಗೊತ್ತು. ಹಾಗಾಗಿ ವಾದ ನನಗೆ ಸುಲಭವಾಗಿ ಸಿಕ್ಕಿತು. ಮಗುವಿನ ಮೈ ಮಗುವಿನದು. ಅವಳನ್ನು ಕೇಳದೆ ಅವಳ ಹೆಸರಲ್ಲಿ ಯಾರೋ ಕೊಟ್ಟ ಮಾತಿಗೆ ಅವಳು ಯಾಕೆ ತಲೆ ಕೊಡಬೇಕು? ಇದನ್ನು ಅವ್ವನಿಗೆ ಹೇಗೆ ಹೇಳಬೇಕು ಅಂತ ಮನಸ್ಸಿನಲ್ಲೇ ರಿಹರ್ಸಲ್ ಮಾಡುತ್ತಾ ಮೂರು ರಾತ್ರಿ ಆಫೀಸಿನ ಕೆಲಸಕ್ಕೆ ಎಚ್ಚರ ಇದ್ದೆ.

ಮೂರನೇ ರಾತ್ರಿ ಸುಮಾರು ಎರಡೂವರೆಗೆ ಸಣ್ಣದೊಂದು ಅವಮಾನ ಆಯಿತು. ಆ ರಿಲೀಸಿನ ಡೇಟನ್ನು ನಾನು ಕೊಟ್ಟಿರಲಿಲ್ಲ. ನಾನು ಎರಡು ಸಲವೂ ನೋಡಿಲ್ಲದ ಸೇಲ್ಸ್‌ನವರೊಬ್ಬರು, ನಾನು ಒಂದು ಸಲವೂ ನೋಡಿಲ್ಲದ ಕ್ಲೈಂಟಿಗೆ, ಈ ಕ್ವಾರ್ಟರ್ ಒಳಗೆ ಕೊಡ್ತೀವಿ ಅಂದುಬಿಟ್ಟಿದ್ದರು. ನನ್ನನ್ನು ಕೇಳಿರಲಿಲ್ಲ. ಹನ್ನೆರಡು ವರ್ಷದಿಂದ ನಾನು ಮಾಡ್ತಿರೋದು ಇದೇ, ಬೇರೆಯವರು ಕೊಟ್ಟ ಮಾತನ್ನು ಉಳಿಸೋದು. ಅದಕ್ಕೆ ನಿದ್ದೆ ಕೊಟ್ಟಿದ್ದೇನೆ, ಭಾನುವಾರ ಕೊಟ್ಟಿದ್ದೇನೆ, ಹೇಳಬೇಕೆಂದರೆ ಅರ್ಧ ತಲೆಕೂದಲೂ ಕೊಟ್ಟಿದ್ದೇನೆ. ಅಲ್ಲಿ ಒಂದು ದಿನವೂ "ನನ್ನನ್ನು ಕೇಳದೆ ಕೊಟ್ಟ ಮಾತಿಗೆ ನಾನು ಬದ್ಧನಲ್ಲ" ಅಂದಿಲ್ಲ. ಸಂಬಳ ತಗೊಳ್ತೀನಲ್ಲ ಅಂತ ಸಮಾಧಾನ ಮಾಡಿಕೊಳ್ಳಬಹುದು. ಆದರೆ ಸಿದ್ಧಾಂತ ಅನ್ನೋದು ಅವ್ವನ ಫೋನ್ ಬಂದಾಗ ಮಾತ್ರ ನೆನಪಾಗುತ್ತೆ ಅಂದರೆ ಎಲ್ಲೋ ಯಡವಟ್ಟಿದೆ.

ಇನ್ನೊಂದು ವಿಷಯವೂ ಇತ್ತು. ಅದೇ ಆಸ್ಪತ್ರೆಯಲ್ಲಿ ನಾನೂ ಮಗಳ ಪರವಾಗಿ ಸಹಿ ಹಾಕಿದ್ದೆ. ಕತ್ತಿನ ಹತ್ತಿರ ಸೂಜಿ ಹಾಕಲು, ರಕ್ತ ಕೊಡಲು, ಉಸಿರಿನ ಕೊಳವೆ ಇಳಿಸಲು. ಒಂದು ಫಾರಮ್ಮಿನಲ್ಲೂ ಅವಳ ಒಪ್ಪಿಗೆ ಇರಲಿಲ್ಲ. ನನ್ನ ಸಹಿಗೂ ಅವ್ವನ ಗಂಟಿಗೂ ವ್ಯತ್ಯಾಸ ಇದೆ. ನಾನು ಸಹಿ ಮಾಡಿದ್ದು ಔಷಧಕ್ಕೆ, ಅವ್ವ ಮಾಡಿದ್ದು ಬಾಕಿ ಬರೆಸಿ. ಇದೆಲ್ಲ ಈಗ ಹೇಳೋ ಮಾತು. ಆ ಕಾರಿಡಾರಿನಲ್ಲಿ ನಮ್ಮಿಬ್ಬರ ಕೈಯೂ ಒಂದೇ ಥರ ನಡುಗುತ್ತಿತ್ತು.

ಹೆಂಡತಿಯನ್ನು ಕೇಳಿದೆ. ಅವಳು ಬೆಂಗಳೂರಲ್ಲೇ ಬೆಳೆದವಳು, ಮಾದಪ್ಪ ಅವಳ ಮನೆದೇವರಲ್ಲ. ಖಂಡಿತ ನನ್ನ ಪಕ್ಷ ಅಂದುಕೊಂಡಿದ್ದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬಲವಂತ ಮಾಡೋದು ಬೇಡ. ಆದರೆ ಅತ್ತೆಗೆ ಬುದ್ಧಿ ಹೇಳೋಕೂ ಹೋಗ್ಬೇಡಿ. ಆವತ್ತು ನಾನೂ ಏನೇನೋ ಅಂದ್ಕೊಂಡಿದ್ದೆ, ಯಾರಿಗೂ ಹೇಳಿಲ್ಲ ಅಷ್ಟೇ" ಅಂದಳು. ಏನು ಅಂದುಕೊಂಡಿದ್ದೆ ಅಂತ ನಾನು ಕೇಳಲಿಲ್ಲ.

ಮಾತು ಕೊಡೋದು ಅಂದಕೂಡಲೇ ನಮಗೆ ನೆನಪಾಗೋದು ಪುಣ್ಯಕೋಟಿ. ಅದರಲ್ಲಿ ಒಂದು ವಿಷಯ ನಾನು ಚಿಕ್ಕವನಿದ್ದಾಗ ಗಮನಿಸಿರಲಿಲ್ಲ. ಪುಣ್ಯಕೋಟಿ ಹುಲಿಗೆ ಕೊಟ್ಟ ಮಾತು ತನ್ನ ಮೈಗೆ ಸಂಬಂಧಪಟ್ಟದ್ದು. ಕರುವನ್ನು ತಂದುಕೊಡ್ತೀನಿ ಅಂದಿದ್ದರೆ ಆ ಹಾಡನ್ನು ನಾವು ಮಕ್ಕಳಿಗೆ ಕಲಿಸುತ್ತಿರಲಿಲ್ಲ. ಹರಿಶ್ಚಂದ್ರನ ಕತೆಯಲ್ಲಿ ನನಗೆ ಯಾವತ್ತೂ ಸರಿಹೋಗದ ಜಾಗವೂ ಇದೇ. ಮಾತು ಅವನದು, ಮಾರಾಟವಾದದ್ದು ಹೆಂಡತಿ, ಮಗ.

ಮಾದಪ್ಪನ ಕತೆ ಇನ್ನೂ ಬೇರೆ. ನಮ್ಮ ಕಡೆ ಕಂಸಾಳೆಯವರು ಹಾಡುವ ಸಂಕಮ್ಮನ ಸಾಲಿನಲ್ಲಿ ಗಂಡ ನೀಲೇಗೌಡ ಜೇನಿಗೆ ಕಾಡಿಗೆ ಹೊರಡುವ ಮುಂಚೆ ಹೆಂಡತಿಯ ಹತ್ತಿರ ಬಲಗೈ ಭಾಷೆ ಕೇಳ್ತಾನೆ, ತಾನು ಇಲ್ಲದಾಗ ನಡತೆ ಕೆಡಲ್ಲ ಅಂತ. ಸಂಕಮ್ಮ ಕೊಡೋದಿಲ್ಲ. ತಪ್ಪು ಮಾಡದವಳು ಭಾಷೆ ಯಾಕೆ ಕೊಡಬೇಕು ಅನ್ನೋದು ಅವಳ ಹಟ. ಅವನು ಹಿಂಸೆ ಕೊಡ್ತಾನೆ, ಆದರೂ ಕೊಡಲ್ಲ. ಮಾದಪ್ಪ ಬಂದು ನಿಲ್ಲೋದು ಈ ಸಂಕಮ್ಮನ ಪಕ್ಕದಲ್ಲಿ. ಅವಳಿಗೆ ಮಕ್ಕಳ ಭಾಗ್ಯ ಕೊಡ್ತಾನೆ, ಕಾರಯ್ಯ, ಬಿಲ್ಲಯ್ಯ. ಬಲವಂತದ ಭಾಷೆ ಕೊಡದವಳನ್ನು ಕಾಪಾಡಿದ ದೇವರು, ಬಲವಂತದ ಮುಡಿ ಬೇಕು ಅಂತಾನಾ? ಈ ಪಾಯಿಂಟು ಹೊಳೆದಾಗ ನನಗೆ ಭಾರಿ ಖುಷಿಯಾಯಿತು. ಅವ್ವನನ್ನು ಅವ್ವನ ದೇವರಿಂದಲೇ ಸೋಲಿಸಬಹುದಲ್ಲ ಅಂತ. ಮರುಕ್ಷಣವೇ ನಾಚಿಕೆಯೂ ಆಯಿತು.

ಯಾಕೆಂದರೆ ಆವತ್ತು ಅವ್ವ ಸೆರಗಿಗೆ ಗಂಟು ಹಾಕಿದ್ದನ್ನು ನಾನು ನೋಡಿದ್ದೆ. ಬೇಡ ಅನ್ನಲಿಲ್ಲ. ಅನ್ನೋದಿರಲಿ, ಒಳಗೊಳಗೇ ಹಗುರಾಯಿತು. ನನ್ನ ಕೈಯಲ್ಲಿ ಆಗದ ಒಂದು ಕೆಲಸವನ್ನು ಮನೆಯವರೊಬ್ಬರು ನೋಡಿಕೊಳ್ತಿದ್ದಾರೆ ಅನ್ನೋ ಧೈರ್ಯ. ಅವ್ವನ ನಂಬಿಕೆಯ ನೆರಳಲ್ಲಿ ನಾನೂ ಆ ಎರಡು ರಾತ್ರಿ ಕಳೆದೆ. ಮಗು ಮನೆಗೆ ಬಂದ ಮೇಲೆ ನಾನು ವಿಚಾರವಾದಿಯಾದೆ. ಹರಕೆಯ ಸಾಲ ಅವ್ವ ಒಬ್ಬಳದೇ ಅಲ್ಲ, ನನ್ನದೂ ಹೌದು. ಅಡವಿಟ್ಟಿದ್ದು ಮಾತ್ರ ನಮ್ಮಿಬ್ಬರದೂ ಅಲ್ಲ.

ಶನಿವಾರ ರಾತ್ರಿ ಕನಕಪುರ, ಹಲಗೂರು ದಾರಿಯಲ್ಲಿ ಹೊರಟು ಮಳವಳ್ಳಿ ದಾಟಿ ಊರು ಸೇರಿದಾಗ ಹನ್ನೊಂದೂವರೆ. ಬೆಟ್ಟಕ್ಕೆ ಹೋಗೋ ಮಾತು ಯಾರೂ ಎತ್ತಲಿಲ್ಲ. ಬೆಳಿಗ್ಗೆ ಎಣ್ಣೆ ನೀರು, ಮಾವಿನ ತೋರಣ, ಒಬ್ಬಟ್ಟು. ಮಗಳು ಬೇವು ಬೆಲ್ಲದಲ್ಲಿ ಬೆಲ್ಲ ಆರಿಸಿ ತಿಂದಳು. ಮಧ್ಯಾಹ್ನ ನಾನು ಲ್ಯಾಪ್‌ಟಾಪ್ ತೆಗೆದು ಒಂದು ಕಾಲ್ ಮುಗಿಸಿ, ಅಡುಗೆ ಮನೆಗೆ ಹೋಗಿ, ಧೈರ್ಯ ಮಾಡಿ ಕೇಳಿದೆ. "ಅವ್ವ, ಮಗೀನ ಬದ್ಲು ನಾನೇ ಮುಡಿ ಕೊಟ್ರೆ ಆಗಕ್ಕಿಲ್ವಾ?"

ಅವ್ವ ನನ್ನ ತಲೆ ನೋಡಿ ನಕ್ಕಳು. "ನಿನ್ ತಲೇಲಿ ಏನೈತಪ್ಪ ಕೊಡಕ್ಕೆ?"

ಈಗ ದೇವಸ್ಥಾನದ ಎಷ್ಟೋ ಸೇವೆ ಆನ್‌ಲೈನಿನಲ್ಲಿ ಬುಕ್ ಮಾಡಬಹುದು, ಪ್ರಸಾದ ಅಂಚೆಯಲ್ಲಿ ಬರುತ್ತೆ. ಮುಡಿಗೆ ಮಾತ್ರ ಹೇಳಿದ ತಲೆಯೇ ಬೇಕು.

ಸಂಜೆ ಎಲ್ಲರೂ ತಾರಸಿ ಹತ್ತಿದೆವು, ಯುಗಾದಿ ಚಂದ್ರನನ್ನು ನೋಡೋಕೆ. ಉಗುರಿನ ಗೀರಿನಷ್ಟು ಇದ್ದ. ಮಳವಳ್ಳಿಯ ಮಸೀದಿ ಬೀದಿಯಲ್ಲೂ ಆ ಹೊತ್ತಿಗೆ ಅವನನ್ನೇ ಹುಡುಕುತ್ತಿದ್ದಿರಬೇಕು. ಮೊದಲು ಕಂಡಿದ್ದು ಮಗಳಿಗೆ. ದೊಡ್ಡವರಿಗೆಲ್ಲ ನಮಸ್ಕಾರ ಮಾಡಿದ ಮೇಲೆ ಅವ್ವ ಅವಳನ್ನು ದೇವರ ಮನೆಗೆ ಕರೆದುಕೊಂಡು ಹೋಗಿ ಗೂಡಿನಿಂದ ಗಂಟು ತೆಗೆದಳು. ಅರಿಶಿನ ಮಾಸಿ ಬಟ್ಟೆ ಕಂದು ಬಣ್ಣಕ್ಕೆ ತಿರುಗಿತ್ತು.

"ಇದೇನಜ್ಜಿ?"

"ನಿಂದೇ."

ಅವ್ವ ಎಲ್ಲಾ ಹೇಳಿದಳು. ಗಾಜಿನ ಪೆಟ್ಟಿಗೆ, ಮೂಗಿಗೆ ಕೊಳವೆ, ಒಂಬತ್ತನೇ ದಿನ. ನಾವು ಗಂಡ ಹೆಂಡತಿ ಇಷ್ಟು ವರ್ಷ ಮಗಳಿಗೆ "ನೀನು ಸ್ವಲ್ಪ ಬೇಗ ಹುಟ್ಟಿದೆ" ಅಂತಷ್ಟೇ ಹೇಳಿದ್ದೆವು. ಅವಳು ಬಾಯಿ ತೆರೆದು ಕೇಳಿದಳು.

"ನನ್ನ ಕೂದ್ಲು ತಗೊಂಡು ಮಾದಪ್ಪ ಏನ್ ಮಾಡ್ತಾನೆ?"

"ಏನೂ ಮಾಡಕ್ಕಿಲ್ಲ. ಕೊಡ್ತೀನಿ ಅಂದಿದ್ದೆ ನಾನು, ಅಷ್ಟೇಯ."

"ನೀನು ನನ್ನ ಕೇಳ್ಬೇಕಿತ್ತು ಅಜ್ಜಿ."

"ಕೇಳೋ ಹಂಗಿದ್ದಿದ್ರೆ ಹರಕೆ ಯಾಕ್ ಹೊತ್ಕೋತಿದ್ದೆ ಮಗ?"

ನನ್ನ ಹತ್ತಿರ ಇದಕ್ಕೆ ಉತ್ತರ ಇರಲಿಲ್ಲ. ಮಗಳ ಹತ್ತಿರವೂ ಇರಲಿಲ್ಲ. ಜಡೆಯ ತುದಿ ಹಿಡಿದುಕೊಂಡು ಬಹಳ ಹೊತ್ತು ನಿಂತು, "ಈಗ ಬೇಡ" ಅಂದಳು. ಬೇಡ ಅನ್ನಲಿಲ್ಲ, ಈಗ ಬೇಡ ಅಂದಳು. ಅವ್ವ ಆ ಎರಡರ ನಡುವಿನ ವ್ಯತ್ಯಾಸ ನನಗಿಂತ ಮೊದಲು ಹಿಡಿದಳು.

"ಆಯ್ತು, ನಿನ್ಗೆ ಯಾವಾಗ ಅನ್ಸುತ್ತೋ ಆವಾಗ ಹೇಳು. ತಡ ಆಗದಕ್ಕೆ ತಪ್ಪುಕಾಣಿಕೆ ಇಡಬೇಕು. ಎಲ್ಲಪ್ಪ, ಒಂದ್ ನಾಣ್ಯ ಕೊಡು."

ಜೇಬು ತಡಕಿದೆ. ಪರ್ಸಿನಲ್ಲಿ ಕಾರ್ಡುಗಳು, ಒಂದು ಐನೂರರ ನೋಟು. ನಾಣ್ಯ ಮುಟ್ಟಿ ಎಷ್ಟು ತಿಂಗಳಾಗಿತ್ತೋ. ಹೊರಗೆ ಓಡಿ, ಕಾರಿನ ಗೇರ್ ಪಕ್ಕದ ಗುಳಿಯಲ್ಲಿ ಪಾರ್ಕಿಂಗಿಗೆ ಅಂತ ಹಾಕಿದ್ದ ಐದು ರೂಪಾಯಿ ಹುಡುಕಿ ತಂದುಕೊಟ್ಟೆ. ಅವ್ವ ಹಳೇ ನಾಣ್ಯದ ಜೊತೆ ಇಟ್ಟು ಬಟ್ಟೆ ಮಡಿಸಿದಳು, ಮಗಳು ಗಂಟು ಹಾಕಿದಳು. ಶೂ ಲೇಸಿನ ಗಂಟು, ಅವಳಿಗೆ ಬರೋದು ಅದೊಂದೇ.

"ಇಲ್ಲಿರ್ತದೆ, ನೋಡ್ಕೊ" ಅಂತ ಅವ್ವ ಗೂಡು ತೋರಿಸಿದ್ದು ನನಗೆ. "ನಾನಿದ್ರೂ ಇಲ್ದಿದ್ರೂ."

ಹೊಸತೊಡಕಿನ ಗುಡ್ಡೆ ಬಾಡಿಗೆ ಅಪ್ಪ ನಮ್ಮ ಪಾಲೂ ಹೇಳಿದ್ದರು, ಅದಕ್ಕೆ ಉಳಿಯೋ ಹಾಗಿರಲಿಲ್ಲ. ರಾತ್ರಿಯೇ ಹೊರಟೆವು. ಫೋನು ರಿಲೀಸಿನ ಮೆಸೇಜುಗಳಿಂದ ಗುರ್ ಅಂತಲೇ ಇತ್ತು. ಕನಕಪುರ ದಾಟುವಾಗ ಮಗಳು ಹಿಂದೆ ನಿದ್ದೆ ಹೋಗಿದ್ದಾಳೆ ಅಂದುಕೊಂಡಿದ್ದೆ.

"ಅಪ್ಪ, ಗುಂಡು ಹೊಡೆಸಿದ್ರೆ ಮತ್ತೆ ಜಡೆ ಹಾಕೋಷ್ಟು ಬರೋಕೆ ಎಷ್ಟು ದಿನ ಬೇಕು?"

"ಒಂದೂವರೆ, ಎರಡು ವರ್ಷ" ಅಂದೆ.

ಕನ್ನಡಿಯಲ್ಲಿ ನೋಡಿದರೆ ಬೆರಳು ಮಡಚಿ ಎಣಿಸುತ್ತಿದ್ದಳು. ಮೂರನೇ ಕ್ಲಾಸು, ನಾಲ್ಕನೇ ಕ್ಲಾಸು.