ಕಸಿನ್ ಅಂದುಬಿಟ್ಟೆ

ಕ್ಯಾಂಡಿಯ ಆ ಮನೆಯ ಗೇಟಿನ ಮುಂದೆ ಟುಕ್‌ಟುಕ್ ನಿಂತಾಗ ಸಂಜೆ ಆರೂವರೆ. ಸಣ್ಣಗೆ ಮಳೆ ಬರ್ತಾ ಇತ್ತು. ಮನೆಯೊಡತಿ ಕೊಡೆ ಹಿಡಿದುಕೊಂಡು ಗೇಟಿನ ತನಕ ಬಂದರು. ಎಪ್ಪತ್ತರ ಆಸುಪಾಸು, ರಿಟೈರ್ಡ್ ಇಂಗ್ಲಿಷ್ ಟೀಚರ್. ಮಹಡಿಯ ಎರಡು ರೂಮುಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡ್ತಾರೆ. ನಮ್ಮನ್ನು ಒಬ್ಬೊಬ್ಬರನ್ನಾಗಿ ಕೊಡೆಯಡಿ ವರಾಂಡಕ್ಕೆ ದಾಟಿಸಿ, ತಲೆ ಒರೆಸಿಕೊಳ್ಳೋಕೆ ಟವೆಲ್ ಕೊಟ್ಟು, ಶುಂಠಿ ಟೀ ಕೊಟ್ಟು, ಎದುರು ಕೂತು ಕೇಳಿದರು: "ನೀವಿಬ್ಬರೂ ಅಣ್ಣತಮ್ಮಂದಿರಾ?"

"ಅಲ್ಲ ಆಂಟಿ, ಕಸಿನ್ಸ್" ಅಂದುಬಿಟ್ಟೆ.

ಪಕ್ಕದಲ್ಲಿ ಕೂತಿದ್ದವನು ಟೀ ಕಪ್ಪಿನೊಳಗೇ ನೋಡ್ತಾ ಇದ್ದ. ನಾವಿಬ್ಬರೂ ಬೆಂಗಳೂರಲ್ಲಿ ಒಂದೇ ಮನೆಯಲ್ಲಿ ಸಂಸಾರ ಮಾಡೋಕೆ ಶುರುಮಾಡಿ ಆಗಲೇ ಆರು ವರ್ಷ ಆಗಿತ್ತು.

ಸುಳ್ಳಿಗೆ ಕಾರಣ ಏನು ಅಂತ ಯಾರಾದರೂ ಕೇಳಿದ್ದರೆ ನನ್ನ ಹತ್ತಿರ ಉತ್ತರ ರೆಡಿ ಇತ್ತು. ಹೋಗೋ ಮುಂಚೆ ಓದಿಕೊಂಡಿದ್ದೆ. ಶ್ರೀಲಂಕಾದ ದಂಡಸಂಹಿತೆಯ 365ನೇ ಸೆಕ್ಷನ್ ಪ್ರಕಾರ 'ಪ್ರಕೃತಿಗೆ ವಿರುದ್ಧವಾದ' ಸಂಭೋಗಕ್ಕೆ 10 ವರ್ಷದ ತನಕ ಜೈಲು. 365ಎ ಪ್ರಕಾರ 'ಘೋರ ಅಸಭ್ಯತೆ'ಗೆ 2 ವರ್ಷದ ತನಕ. ಆ ಸಂಹಿತೆ ಬ್ರಿಟಿಷರು 1883ರಲ್ಲಿ ತಂದದ್ದು. 1995ರಲ್ಲಿ ಅದಕ್ಕೊಂದು ತಿದ್ದುಪಡಿ ಬಂತು. ಒಳ್ಳೇದಾಯ್ತು ಅಂದುಕೊಳ್ಳಬೇಡಿ, 365ಎನಲ್ಲಿ 'ಗಂಡಸು' ಅಂತ ಇದ್ದದ್ದನ್ನು 'ವ್ಯಕ್ತಿ' ಅಂತ ಬದಲಾಯಿಸಿ ಹೆಂಗಸರನ್ನೂ ಅದರೊಳಗೆ ಸೇರಿಸಿದರು. ರೊಸಾನಾ ಫ್ಲೇಮರ್-ಕಾಲ್ಡೆರಾ ಅನ್ನೋ ಕೊಲಂಬೋದ ಹೋರಾಟಗಾರ್ತಿ ಇದನ್ನು ವಿಶ್ವಸಂಸ್ಥೆಯ ಮಹಿಳಾ ಸಮಿತಿಯ ತನಕ ಒಯ್ದರು. 2022ರಲ್ಲಿ ಸಮಿತಿ ಅವರ ಪರವಾಗಿ ತೀರ್ಮಾನ ಕೊಟ್ಟಿತು. 2023ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಈ ಅಪರಾಧವನ್ನು ತೆಗೆದುಹಾಕುವ ಮಸೂದೆ ಸಂವಿಧಾನಕ್ಕೆ ವಿರುದ್ಧವಲ್ಲ ಅಂತ ಹೇಳಿತು. ಆದರೆ ಅದೇ ವರ್ಷದ ಡಿಸೆಂಬರಿನಲ್ಲಿ ನಾವು ವಿಮಾನ ಇಳಿದಾಗಲೂ ಕಾನೂನು ಮಾತ್ರ ಅಲ್ಲೇ ಕೂತಿತ್ತು.

ಹಾಗಾಗಿ ಎರಡು ಮಂಚದ ರೂಮೇ ಬೇಕು ಅಂತ ಹುಡುಕಿ ಬುಕ್ ಮಾಡಿದ್ದೆ. ತಮಾಷೆ ಅಂದ್ರೆ, ಕ್ಯಾಂಡಿಯ ರಸ್ತೆಯಲ್ಲಿ ಇಬ್ಬರು ಗಂಡಸರು ಹೆಗಲ ಮೇಲೆ ಕೈ ಹಾಕಿಕೊಂಡು ನಡೆದರೆ ಯಾರೂ ತಿರುಗಿ ನೋಡಲ್ಲ, ನಮ್ಮೂರಿನ ಹಾಗೇ. ಅದಕ್ಕೊಂದು ಹೆಸರಿಡದೇ ಇರೋ ತನಕ ಎಲ್ಲದಕ್ಕೂ ಜಾಗ ಇದೆ.

ಮಾರನೇ ದಿನ ಡಿಸೆಂಬರ್ 26, ಉಂಡುವಪ್ ಪೋಯ. ಶ್ರೀಲಂಕಾದಲ್ಲಿ ಪ್ರತಿ ಹುಣ್ಣಿಮೆಯೂ ಸರ್ಕಾರಿ ರಜೆ. ಮದ್ಯ ಮಾರೋ ಹಾಗಿಲ್ಲ, ಮಾಂಸದ ಅಂಗಡಿ ಮುಚ್ಚಿರುತ್ತೆ, ಜನ ಬಿಳಿ ಬಟ್ಟೆ ಉಟ್ಟು ವಿಹಾರಗಳಿಗೆ ಹೋಗ್ತಾರೆ. ಡಿಸೆಂಬರಿನ ಹುಣ್ಣಿಮೆ ಸಂಘಮಿತ್ತೆಯದು. ಅಶೋಕನ ಮಗಳು ಬೋಧಿವೃಕ್ಷದ ಕೊಂಬೆಯೊಂದನ್ನು ಭಾರತದಿಂದ ಹಡಗಿನಲ್ಲಿ ತಂದದ್ದರ ನೆನಪು. ಅನುರಾಧಪುರದಲ್ಲಿ ಆ ಮರಕ್ಕೆ ಇವತ್ತಿಗೂ ಪೂಜೆ ನಡೆಯುತ್ತೆ.

ಬೆಳಿಗ್ಗೆ ಆಂಟಿ ಕಿರಿಬತ್ ಮಾಡಿದ್ದರು. ತೆಂಗಿನ ಹಾಲಿನಲ್ಲಿ ಬೇಯಿಸಿದ ಅನ್ನವನ್ನು ತಟ್ಟೆಯಲ್ಲಿ ಒತ್ತಿ, ವಜ್ರಾಕಾರಕ್ಕೆ ಕತ್ತರಿಸಿ ಕೊಡ್ತಾರೆ. ತಿನ್ನಿಸಿದ ಮೇಲೆ ಅಂದರು: "ದಳದಾ ಮಾಳಿಗಾವದಲ್ಲಿ ಇವತ್ತು ಕಾಲಿಡೋಕೆ ಆಗಲ್ಲ ಪುತಾ, ನಮ್ಮ ಬೀದಿಯ ವಿಹಾರಕ್ಕೆ ಬನ್ನಿ ನನ್ನ ಜೊತೆ." ಪುತಾ ಅಂದ್ರೆ ಮಗನೇ. ಅಲ್ಲಿ ಹಿರಿಯರು ಕಿರಿಯರನ್ನು ಹಾಗೇ ಕರೆಯೋದು. ಅಕ್ಕ ಅಂದ್ರೆ ಅಲ್ಲೂ ಅಕ್ಕನೇ. ಇಂಥ ಊರಲ್ಲಿ ಪರದೇಶದಲ್ಲಿದ್ದೇವೆ ಅಂತ ನೆನಪಿಟ್ಟುಕೊಳ್ಳೋದೇ ಕಷ್ಟ.

ಹೋದೆವು. ಬೋಧಿಮರದ ಬುಡಕ್ಕೆ ನೀರು ಹಾಕಿದೆವು, ಎಣ್ಣೆ ದೀಪ ಹಚ್ಚಿದೆವು. ಆಮೇಲೆ ಎಲ್ಲರೂ ಕೂತು ಭಿಕ್ಷುವಿನ ಹಿಂದೆ ಪಂಚಶೀಲ ಹೇಳಿದರು, ನಾವೂ ಹೇಳಿದೆವು. ಸಂಸ್ಕೃತದ ಪದಗಳು ಬೆರೆತ ಕನ್ನಡ ಕೇಳಿ ಬೆಳೆದವರಿಗೆ ಪಾಲಿ ಅಲ್ಲಲ್ಲಿ ತಾನಾಗೇ ಅರ್ಥ ಆಗಿಬಿಡುತ್ತೆ. ನಾಲ್ಕನೇ ಶೀಲ 'ಮುಸಾವಾದ', ಅಂದ್ರೆ ಸುಳ್ಳು ಮಾತು. ಅದರಿಂದ ದೂರ ಇರ್ತೀನಿ ಅಂತ ನಾನು ಗಟ್ಟಿಯಾಗಿ ಹೇಳಿದ್ದು ಕಸಿನ್ ಅಂದು ಹದಿನೈದು ಗಂಟೆಯೂ ಆಗುವ ಮುಂಚೆ.

ಕೊನೆಗೆ ಭಿಕ್ಷು ನಮ್ಮಿಬ್ಬರ ಬಲಗೈಗೂ ಬಿಳಿ ಪಿರಿತ್ ನೂಲು ಕಟ್ಟಿದರು. ಆಂಟಿ ನಮ್ಮ ಕಡೆ ಕೈ ತೋರಿಸಿ ಸಿಂಹಳದಲ್ಲಿ ಏನೋ ಅಂದರು. ಭಿಕ್ಷು ನಕ್ಕು ತಲೆಯಾಡಿಸಿದರು. ಹೊರಗೆ ಚಪ್ಪಲಿ ಹಾಕಿಕೊಳ್ಳುವಾಗ ಆಂಟಿಯೇ ಹೇಳಿದರು: "ನಿಮ್ಮಿಬ್ಬರಿಗೂ ಬೇಗ ಒಳ್ಳೆ ಹುಡುಗಿಯರು ಸಿಗಲಿ ಅಂತ ಹರಸಿ ಅಂದೆ."

ಥ್ಯಾಂಕ್ಯೂ ಆಂಟಿ, ಅಂದೆವು.

ಆ ಹಾರೈಕೆ ಎಲ್ಲಿಗೆ ಹೋಯಿತು ಅಂತ ನಾನು ಇವತ್ತಿಗೂ ಯೋಚಿಸ್ತೀನಿ. ಕೊಟ್ಟವರ ಪ್ರೀತಿಯಲ್ಲಿ ಕೊರತೆ ಇರಲಿಲ್ಲ. ಆದರೆ ಅಡ್ರೆಸ್ ತಪ್ಪಾಗಿತ್ತು, ಬರೆದುಕೊಟ್ಟವನು ನಾನೇ. ಎಪ್ಪತ್ತು ವರ್ಷದ ಹೆಂಗಸೊಬ್ಬರು ಹುಣ್ಣಿಮೆಯ ದಿನ ಉಪವಾಸ ಕೂತು, ಈ ಭೂಮಿ ಮೇಲೆ ಇಲ್ಲವೇ ಇಲ್ಲದ ಇಬ್ಬರು ಕಸಿನ್‌ಗಳಿಗಾಗಿ ಒಳ್ಳೇದು ಕೋರಿದರು.

ಸಂಜೆ ಕೆರೆಯ ಸುತ್ತ ನಡೆಯುವಾಗ ಅವನು ಮಾತು ತೆಗೆದ.

"ನೀನು ಸುಳ್ಳು ಹೇಳಿದ್ದಕ್ಕೆ ನಂಗೆ ಬೇಜಾರಿಲ್ಲ. ಅಷ್ಟು ಬೇಗ ಹೇಳಿದೆಯಲ್ಲ, ಅದಕ್ಕೆ."

ನಾನು ಕಾನೂನು ತೆಗೆದೆ. 365, 365ಎ, 10 ವರ್ಷ, 2 ವರ್ಷ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಕೇಳಿದ: "ಸರಿ. ಜಯನಗರದಲ್ಲಿ ನಿಮ್ಮಮ್ಮನ ಮನೇಲಿ ಯಾವ ಸೆಕ್ಷನ್ ಜಾರಿಯಲ್ಲಿದೆ?"

ಅಲ್ಲಿ ನಾನು ಅವನನ್ನು ಪರಿಚಯಿಸೋದು 'ರೂಮ್‌ಮೇಟ್' ಅಂತ.

ಉತ್ತರ ಕೊಡಲಿಲ್ಲ. ಊರಿಗೆ ಬಂದ ಮೇಲೆ ಕೂತು ಯೋಚಿಸಿದ್ದನ್ನು ಇಲ್ಲಿ ಬರೀತಿದ್ದೀನಿ.

ಮೊದಲು ಕಾನೂನಿನ ವಿಷಯ. ಅದನ್ನು 'ಬೌದ್ಧ ದೇಶದ ಕಾನೂನು' ಅನ್ನೋದೇ ತಪ್ಪು. ಸಿಲೋನಿನ ದಂಡಸಂಹಿತೆ ನಮ್ಮ 1860ರ ಐಪಿಸಿಯ ಮಾದರಿಯಲ್ಲಿ ಬರೆದದ್ದು. ಇಲ್ಲಿನ 377 ಅಲ್ಲಿ 365 ಆಯಿತು. ಬೋಧಿಯ ಕೊಂಬೆ ಹೋದ ದಿಕ್ಕಿನಲ್ಲೇ ಎರಡು ಸಾವಿರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಇದೂ ಹೋಯಿತು. 2018ರ ಸೆಪ್ಟೆಂಬರ್ 6ರಂದು ನಾವು ನಮ್ಮ ಪಾಲಿನದನ್ನು ಕಳಚಿಕೊಂಡೆವು, ಅವರಿನ್ನೂ ಹೊತ್ತಿದ್ದಾರೆ. 'ನಾವು ಮುಂದುವರಿದವರು, ಅವರು ಹಿಂದುಳಿದವರು' ಅಂತ ಬೀಗೋಕೆ ಇದರಲ್ಲಿ ಏನೂ ಇಲ್ಲ.

ಹಾಗಾದರೆ ಧರ್ಮ ಏನು ಹೇಳುತ್ತೆ? ಮೂರನೇ ಶೀಲ ಕಾಮದಲ್ಲಿ ತಪ್ಪು ನಡತೆ ಬೇಡ ಅನ್ನುತ್ತೆ. ಪಾಲಿ ಸುತ್ತಗಳು ಗೃಹಸ್ಥರಿಗೆ ಅದನ್ನು ವಿವರಿಸುವಾಗ ಹೇಳೋದು ಇನ್ನೊಬ್ಬರ ರಕ್ಷಣೆಯಲ್ಲಿರುವ, ಮದುವೆಯಾದ, ನಿಶ್ಚಿತಾರ್ಥವಾದ ಹೆಂಗಸರ ವಿಷಯ. ಅಂದ್ರೆ ಮೋಸ ಮತ್ತು ಬಲವಂತದ ವಿಷಯ. ಇಬ್ಬರು ಗಂಡಸರ ಬಗ್ಗೆ ಆ ಪಟ್ಟಿಯಲ್ಲಿ ಮಾತಿಲ್ಲ. ಭಿಕ್ಷುಗಳಿಗಂತೂ ಹೆಣ್ಣಿನ ಜೊತೆಯಾಗಲಿ ಗಂಡಿನ ಜೊತೆಯಾಗಲಿ, ಸಂಭೋಗ ಒಂದೇ ತೂಕದ ಅಪರಾಧ. ಹಾಗಂತ ಎಲ್ಲ ಹಸನಾಗಿದೆ ಅಂತಲೂ ಅಲ್ಲ. 'ಪಂಡಕ' ಅಂತ ಕರೆಸಿಕೊಂಡವರಿಗೆ ವಿನಯಪಿಟಕ ದೀಕ್ಷೆ ನಿರಾಕರಿಸುತ್ತೆ. ಮೇಲಾಗಿ ಗ್ರಂಥದಲ್ಲಿ ಏನಿದ್ದರೂ ಊರಲ್ಲಿ ನಡೆಯೋದು ಊರಿನ ಪದ್ಧತಿ. ಮದುವೆ ಯಾವಾಗ, ಮಕ್ಕಳೆಷ್ಟು ಅನ್ನೋ ಪ್ರಶ್ನೆ ಕ್ಯಾಂಡಿಯಲ್ಲೂ ಅದೇ, ಜಯನಗರದಲ್ಲೂ ಅದೇ.

ಒಟ್ಟು ಲೆಕ್ಕ ಹಾಕಿದರೆ, ಆ ವಿಹಾರದಲ್ಲಿ ಹೇಳಿದ ಐದು ಶೀಲಗಳಲ್ಲಿ ನಾನು ಮುರಿದದ್ದು ಮೂರನೆಯದಲ್ಲ, ನಾಲ್ಕನೆಯದು. ಪ್ರೀತಿ ತಪ್ಪಾಗಿರಲಿಲ್ಲ, ಅದನ್ನು ಮುಚ್ಚಿಡೋಕೆ ಆಡಿದ ಮಾತು ತಪ್ಪಾಯಿತು.

ಆದರೆ ನಿಜವಾಗಲೂ ತಪ್ಪಾ? ನಿಜ ಹೇಳಿದರೆ ಜೈಲು ಅನ್ನೋ ಜಾಗದಲ್ಲಿ ಸುಳ್ಳಿನ ಪಾಪ ಹೇಳಿದವನಿಗಾ, ನಿಜವನ್ನು ಅಪಾಯ ಮಾಡಿಟ್ಟವರಿಗಾ? ಕನ್ನಡದ ಮಕ್ಕಳು ಈ ಪ್ರಶ್ನೆಯನ್ನು ಪುಣ್ಯಕೋಟಿಯ ಕಥೆಯಲ್ಲೇ ಕೇಳಿಕೊಳ್ಳಬೇಕಿತ್ತು. ಕೊಟ್ಟ ಮಾತಿಗೆ ತಪ್ಪದೆ ಹಸು ವಾಪಸ್ ಬಂತು, ಹುಲಿಗೆ ನಾಚಿಕೆಯಾಗಿ ತಾನೇ ಪ್ರಾಣ ಬಿಟ್ಟಿತು. ಸತ್ಯ ಗೆದ್ದಿತು ಅಂತ ಕಲಿತೆವು. ಆದರೆ ಹುಲಿಗೆ ಮನಸ್ಸಾಕ್ಷಿ ಇದ್ದಿದ್ದರಿಂದ ಗೆದ್ದಿತು. ಎಲ್ಲ ಹುಲಿಗಳಿಗೂ ಅದು ಇರಲ್ಲ ಅಂತ ಗೇ ಆಗಿ ಬೆಳೆದವನಿಗೆ ಸ್ಕೂಲಲ್ಲೇ ಗೊತ್ತಾಗುತ್ತೆ. ಹಾಗಾಗಿ ಎದುರಿಗಿರೋದು ಎಂಥ ಹುಲಿ ಅಂತ ಅಂದಾಜು ಮಾಡಿ ಆಮೇಲೆ ಬಾಯಿ ಬಿಡೋದು ನಮಗೆ ಅಭ್ಯಾಸ. ಅದನ್ನು ಹೇಡಿತನ ಅಂತ ನಾನು ಒಪ್ಪಲ್ಲ. ಕೊಲಂಬೋದಲ್ಲೋ ಗಾಲೆಯಲ್ಲೋ ಇರುವ ಒಬ್ಬ ಸಲಿಂಗಿ ಹುಡುಗ ಕೆಲಸ, ಮನೆ, ಮರ್ಯಾದೆ ಉಳಿಸಿಕೊಳ್ಳೋಕೆ ಸುಳ್ಳು ಹೇಳಿದರೆ ಅವನಿಗೆ ನಾಲ್ಕನೇ ಶೀಲದ ಪಾಠ ಹೇಳೋ ಹಕ್ಕು ಯಾರಿಗೂ ಇಲ್ಲ. ರಿಟರ್ನ್ ಟಿಕೆಟ್ ಜೇಬಲ್ಲಿಟ್ಟುಕೊಂಡ ನನಗಂತೂ ಇಲ್ಲವೇ ಇಲ್ಲ.

ಇನ್ನೊಂದು ಮಾತೂ ಇದೆ. ನಾನು ನಿಜ ಹೇಳಿದ್ದರೆ ಅದರ ಭಾರ ನನ್ನೊಬ್ಬನ ಮೇಲೇ ಬೀಳ್ತಾ ಇರಲಿಲ್ಲ. ನಾವು ಎರಡು ದಿನಕ್ಕೆ ಹೊರಟುಬಿಡ್ತೀವಿ. ಆ ಬೀದಿಯಲ್ಲಿ, ಆ ವಿಹಾರದಲ್ಲಿ ಇರಬೇಕಾದವರು ಅವರು. ಅತಿಥಿಯ ಪ್ರಾಮಾಣಿಕತೆಯ ಬಿಲ್ಲನ್ನು ಮನೆಯವರು ಕಟ್ಟೋ ಹಾಗಾಗಬಾರದು.

ಇಷ್ಟೆಲ್ಲ ವಾದ ನನ್ನ ಪರವಾಗಿಯೇ ಇದೆ. ಆದರೂ ಅವನು ಹೇಳಿದ 'ಅಷ್ಟು ಬೇಗ' ಅನ್ನೋ ಮಾತು ಬಿಡಲಿಲ್ಲ.

ಬುದ್ಧ ತನ್ನ ಮಗ ರಾಹುಲನಿಗೆ ಸುಳ್ಳಿನ ಬಗ್ಗೆ ಹೇಳಿದ ಸುತ್ತವೊಂದಿದೆ. ಪಾತ್ರೆಯ ತಳದಲ್ಲಿ ಉಳಿದ ಚೂರು ನೀರನ್ನು ತೋರಿಸಿ, ನಾಚಿಕೆಯಿಲ್ಲದೆ ಸುಳ್ಳು ಹೇಳುವವನ ಶ್ರಮಣತನ ಇಷ್ಟೇ ಅಂತಾನೆ. ಆಮೇಲೆ ಅದನ್ನೂ ಚೆಲ್ಲಿಬಿಡ್ತಾನೆ. ನಂತರ ಕನ್ನಡಿಯ ಮಾತು ಬರುತ್ತೆ. ಮುಖ ನೋಡಿಕೊಳ್ಳೋ ಹಾಗೆ ಪ್ರತಿ ಕೆಲಸವನ್ನೂ ಮಾಡೋ ಮುಂಚೆ, ಮಾಡುವಾಗ, ಮಾಡಿದ ಮೇಲೆ ನೋಡಿಕೋ, ಇದರಿಂದ ನಿನಗೆ, ಬೇರೆಯವರಿಗೆ, ಇಬ್ಬರಿಗೂ ನೋವಾಗುತ್ತಾ ಕೇಳಿಕೋ ಅನ್ನೋ ಅರ್ಥದಲ್ಲಿ.

ನನ್ನನ್ನು ಚುಚ್ಚಿದ್ದು 'ನಾಚಿಕೆಯಿಲ್ಲದೆ' ಅನ್ನೋದು. ನಾನು ಕಸಿನ್ ಅಂದಾಗ ಕನ್ನಡಿ ನೋಡೋಕೆ ಟೈಮೇ ತಗೊಂಡಿರಲಿಲ್ಲ. ಆಂಟಿ ಎಂಥವರು ಅಂತ ಅಂದಾಜು ಮಾಡಲಿಲ್ಲ, ಸೆಕ್ಷನ್ 365 ಆ ಕ್ಷಣಕ್ಕೆ ನೆನಪಿಗೂ ಬಂದಿರಲಿಲ್ಲ. ಅದು ಆಮೇಲೆ ಹುಡುಕಿಕೊಂಡ ನೆಪ. ಬಾಯಿಗೆ ಬಂದದ್ದು ಹದಿನೈದು ವರ್ಷದ ರೂಢಿ. ಕಾನೂನು ಇದ್ದಾಗ ಕಲಿತದ್ದು, ನಮ್ಮಲ್ಲಿ ಕಾನೂನು ಹೋದ ಮೇಲೂ ಹೋಗಲಿಲ್ಲ. ಕೋರ್ಟು ಸೆಕ್ಷನ್ ಅಳಿಸಬಹುದು, ಅದು ಕಲಿಸಿಕೊಟ್ಟ ನಾಲಿಗೆಯನ್ನು ತಿದ್ದೋಕೆ ಅದರ ಕೈಲಾಗಲ್ಲ.

'ಅಣ್ಣತಮ್ಮಂದಿರಾ?' ಅಂತ ಕೇಳಿದಾಗ 'ಅಲ್ಲ ಆಂಟಿ, ಒಟ್ಟಿಗೆ ಇರ್ತೀವಿ' ಅನ್ನಬಹುದಿತ್ತು. ಸುಳ್ಳೂ ಅಲ್ಲ, ಯಾರಿಗೂ ಅಪಾಯವೂ ಇಲ್ಲ. ಅರ್ಥ ಮಾಡಿಕೊಳ್ಳೋದು ಬಿಡೋದು ಅವರಿಗೆ ಬಿಟ್ಟದ್ದು. ಮೌನಕ್ಕೂ ಸುಳ್ಳಿಗೂ ನಡುವೆ ಅಷ್ಟು ಜಾಗ ಇತ್ತು, ನಾನು ನೋಡಲಿಲ್ಲ ಅಷ್ಟೇ. ಬೇಡ ಅನ್ನಿಸಿದಾಗ ಹೇಳದೇ ಇರೋದು ನನ್ನ ಹಕ್ಕು. ಆದರೆ ಪಕ್ಕದಲ್ಲಿ ಕೂತಿರುವ ಜೀವವನ್ನು ಒಂದೇ ಪದದಲ್ಲಿ ಬೇರೆ ಯಾರನ್ನೋ ಮಾಡಿಬಿಡೋ ಹಕ್ಕು ನನಗೆ ಇದೆಯಾ? ಅವನನ್ನು ಕೇಳಿಯೂ ಇರಲಿಲ್ಲ.

ಈಗ ಒಂದು ಚಿಕ್ಕ ನಿಯಮ ಇಟ್ಟುಕೊಂಡಿದ್ದೀನಿ. ಸುಳ್ಳು ಬಾಯಿಗೆ ಬಂದಾಗ, ಹೆದರಿಕೆ ಯಾವುದರದು ಅಂತ ಕೇಳಿಕೊಳ್ಳೋದು. ಹೆಸರು ಹೇಳೋಕಾದರೆ, ಅಂದ್ರೆ ಪೊಲೀಸು, ರಾತ್ರೋರಾತ್ರಿ ರೂಮ್ ಖಾಲಿ ಮಾಡಿಸೋದು, ಇನ್ನೊಬ್ಬರಿಗೆ ಆಗೋ ತೊಂದರೆ, ಹೀಗೆ, ಆಗ ಸುಮ್ಮನಿರ್ತೀನಿ, ಬೇಕಾದರೆ ಸುಳ್ಳೂ ಹೇಳ್ತೀನಿ. ಹೆಸರು ಹೇಳೋಕಾಗದಿದ್ದರೆ ಅದು ರೂಢಿ.

ಊರಿಗೆ ಬಂದ ಭಾನುವಾರ ಅಮ್ಮ ಫೋನ್ ಮಾಡಿದರು. ಹೋಗೋ ಮುಂಚೆ 'ಫ್ರೆಂಡ್ಸ್ ಜೊತೆ ಹೋಗ್ತಿದ್ದೀನಿ' ಅಂದಿದ್ದೆ.

"ಎಷ್ಟು ಜನ ಹೋಗಿದ್ರೋ?"

ಕೈಯಲ್ಲಿ ನೂಲು ಇನ್ನೂ ಇತ್ತು, ಸ್ವಲ್ಪ ಕೊಳೆಯಾಗಿತ್ತು. "ಇಬ್ಬರೇ ಅಮ್ಮ. ನಾನು, ಅವನು. ಅವನು ರೂಮ್‌ಮೇಟ್ ಅಲ್ಲ ಅಮ್ಮ."

ಆ ಕಡೆಯಿಂದ ತುಂಬ ಹೊತ್ತು ಸದ್ದಿಲ್ಲ. ಕುಕ್ಕರ್ ಕೂಗಿದ್ದು ಕೇಳಿಸ್ತು.

"ಊಟಗೀಟ ಸರಿಯಾಗಿತ್ತಾ ಅಲ್ಲಿ?" ಅಂದರು. ಸ್ವಲ್ಪ ತಡೆದು, "ಅವನಿಗೂ ಹಿಡಿಸ್ತಾ?"

ಅದಕ್ಕಿಂತ ಮುಂದೆ ಆ ಮಾತು ಇನ್ನೂ ಹೋಗಿಲ್ಲ. ಹುಡುಗಿಯ ಫೋಟೋ ಕಳಿಸೋದೂ ನಿಂತಿಲ್ಲ. ಆದರೆ ಈಗ ಫೋನ್ ಇಡೋ ಮುಂಚೆ ಅವನನ್ನೂ ವಿಚಾರಿಸ್ತಾರೆ.